ಬೆಂಗಳೂರು–ನರಿಟಾ ಡೈರೆಕ್ಟ್ ಫ್ಲೈಟ್: ಹೋಗೋಕೆ ಏಳೂವರೆ ಗಂಟೆ, ಬರೋಕೆ ಹತ್ತು

ನಾವು ಕೋಲಾರದವ್ರು. ಮಗಳು ಅಳಿಯ ಜಪಾನಿನ ತ್ಸುಕುಬಾದಲ್ಲಿದಾರೆ. ಈ ಸಲ ಜನವರಿಲಿ ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮನೆಯವ್ರೂ ಹೋಗಿ ಮಾರ್ಚ್ ಕೊನೇಲಿ ವಾಪಸ್ ಬಂದ್ವಿ, ಎರಡು ಕಡೆನೂ ಜಪಾನ್ ಏರ್‌ಲೈನ್ಸ್‌ನ ಬೆಂಗಳೂರು–ನರಿಟಾ ಡೈರೆಕ್ಟ್ ಫ್ಲೈಟಲ್ಲೇ (ನರಿಟಾ ಅಂದ್ರೆ ಟೋಕಿಯೋದ ಏರ್‌ಪೋರ್ಟ್). ಬಂದಾಗಿಂದ ನೆಂಟರು, ಪಕ್ಕದ ಬೀದಿಯವ್ರು, ಮಕ್ಕಳು ಅಲ್ಲಿರೋರು ಎಲ್ರೂ ಕೇಳೋದು ಒಂದೇ, ಎಷ್ಟು ದೂರ ಅಕ್ಕಾ, ಎಷ್ಟೊತ್ತಾಗುತ್ತೆ, ಮಂಡಿ ನೋವಿರೋರು ಕೂತ್ಕೊಂಡು ಹೋಗ್ಬಹುದಾ ಅಂತ. ಒಬ್ಬೊಬ್ರಿಗೂ ಫೋನಲ್ಲಿ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರ್ದುಬಿಡೋಣ ಅನ್ನಿಸ್ತು.

ಮೊದಲು ಎರಡು ವರ್ಷದ ಹಿಂದಿಂದು ಹೇಳ್ಬೇಕು, ಯಾಕಂದ್ರೆ ಅದರಿಂದಾನೇ ನಾವು ಕಲ್ತಿದ್ದು. ಆವಾಗ ನಮ್ಮೂರಲ್ಲೇ ಟಿಕೆಟ್ ಮಾಡ್ಕೊಡೋರ ಹತ್ರ ಹೋಗಿದ್ವಿ. ಅವ್ರು ಫೋನಲ್ಲಿ ಒಂದು ಪೇಜ್ ತೆಗ್ದು ತೋರ್ಸಿದ್ರು, ಬೆಂಗಳೂರಿಂದ ಟೋಕಿಯೋ 6,700 ಕಿಲೋಮೀಟರ್, ಸುಮಾರು 8 ಗಂಟೆ ಅಂತ. ನೋಡಿ ಅಕ್ಕಾ, ರಾತ್ರಿ ಹತ್ತಿದ್ರೆ ಬೆಳಗ್ಗೆಗೆ ಅಲ್ಲಿರ್ತೀರ ಅಂದ್ರು. ನಾವು ನಂಬಿ ದುಡ್ಡು ಕಟ್ಟಿದ್ವಿ. ಮನೆಗೆ ಬಂದು ಮಗಳಿಗೆ ಟಿಕೆಟ್ ಕಳಿಸಿದ್ರೆ ಅವಳು, ಅಮ್ಮಾ ಇದು ಸಿಂಗಾಪುರದಲ್ಲಿ ಇಳಿದು ಬದಲಾಯಿಸೋದು, ಮಧ್ಯೆ ಆರು ಗಂಟೆ ಕಾಯ್ಬೇಕು, ಡೈರೆಕ್ಟ್ ಒಂದಿದೆ ಅಂತ ಅವ್ರು ಹೇಳ್ಲಿಲ್ವಾ ಅಂತ ಕೇಳಿದ್ಳು. ಹೇಳಿರ್ಲಿಲ್ಲ. ಕ್ಯಾನ್ಸಲ್ ಮಾಡಿದ್ರೆ ಅರ್ಧಕ್ಕರ್ಧ ದುಡ್ಡು ಹೋಗೋದು, ಹಂಗಾಗಿ ಅದರಲ್ಲೇ ಹೋದ್ವಿ. ಸಿಂಗಾಪುರಕ್ಕೆ ನಾಲ್ಕೂವರೆ ಗಂಟೆ, ಅಲ್ಲಿ ಆರು ಗಂಟೆ, ಅಲ್ಲಿಂದ ನರಿಟಾಗೆ ಇನ್ನೊಂದು ಏಳು ಗಂಟೆ, ಎಲ್ಲಾ ಸೇರಿ ಹದಿನೇಳೂವರೆ. ಇಳಿದಾಗ ನನ್ನ ಕಾಲು ಊದಿ ಚಪ್ಪಲಿ ಒಳಗೆ ಹೋಗ್ತಿರ್ಲಿಲ್ಲ.

ಆ ಪೇಜಲ್ಲಿ ಬರ್ದಿದ್ದು ಸುಳ್ಳಲ್ಲ, ಆದ್ರೆ ಅದು ನಾವು ಹೋದ ದಾರಿ ಲೆಕ್ಕ ಅಲ್ಲ. ದೂರ ತೋರಿಸೋ ಇಂಥ ಪೇಜುಗಳು ಎರಡು ಊರಿನ ಮಧ್ಯೆ ಆಕಾಶದಲ್ಲಿ ನೇರ ಗೆರೆ ಎಳೆದು ಕಿಲೋಮೀಟರ್ ಹಾಕ್ತವೆ, ಅದನ್ನ ವಿಮಾನದ ಸರಾಸರಿ ಸ್ಪೀಡಿಂದ ಭಾಗಿಸಿ ಗಂಟೆ ಹಾಕ್ತವೆ, ಅಷ್ಟೇ. ಸಿಂಗಾಪುರದ ಮೇಲೆ ಹೋದ್ರೆ 3,180 ಪ್ಲಸ್ 5,350, ಅಂದ್ರೆ 8,500 ಕಿಲೋಮೀಟರ್ ದಾಟುತ್ತೆ. ನೇರ ದಾರಿಗಿಂತ 1,800 ಕಿಲೋಮೀಟರ್ ಜಾಸ್ತಿ ಸುತ್ತು. ಕೋಲಾರದಿಂದ ದೆಹಲಿಗೆ ಹೋದಷ್ಟು!

ಈ ಸಲ ನಮ್ಮನೆಯವ್ರು ಮೊದಲೇ ಕೂತು ಲೆಕ್ಕ ಹಾಕಿದ್ರು. ಅವ್ರು ಹೈಸ್ಕೂಲ್ ಸೈನ್ಸ್ ಮೇಷ್ಟ್ರಾಗಿ ರಿಟೈರ್ ಆದವ್ರು. ಮನೇಲಿ ಒಂದು ಹಳೇ ಗ್ಲೋಬ್ ಇದೆ, ಸ್ಟ್ಯಾಂಡ್ ಮುರಿದು ಎಷ್ಟೋ ವರ್ಷ ಆಯ್ತು, ಈಗ ಸ್ಟೀಲ್ ಡಬ್ಬಿ ಮೇಲೆ ಕೂರ್ಸಿದೀವಿ. ನಾನು ಕನಕಾಂಬರ ಕಟ್ತಾ ಇದ್ದೆ, ನನ್ನ ಮುಂದಿದ್ದ ದಾರದಲ್ಲೇ ಒಂದು ತುಂಡು ಕಿತ್ಕೊಂಡು ಬೆಂಗಳೂರಿನ ಮೇಲೆ ಒಂದು ತುದಿ ಒತ್ತಿ ಹಿಡಿ ಅಂದ್ರು, ಇನ್ನೊಂದು ತುದಿ ಟೋಕಿಯೋ ಮೇಲಿಟ್ಟು ಬಿಗಿಯಾಗಿ ಎಳೆದ್ರು. ಗೋಡೆ ಮೇಲಿರೋ ಮ್ಯಾಪಲ್ಲಿ ನೋಡಿದ್ರೆ ಥಾಯ್ಲೆಂಡ್ ವಿಯೆಟ್ನಾಂ ಕಡೆಯಿಂದ ಹೋಗ್ಬೇಕು ಅನ್ಸುತ್ತೆ, ಆದ್ರೆ ಗ್ಲೋಬ್ ಮೇಲೆ ದಾರ ಬಂಗಾಳ ಕೊಲ್ಲಿ ದಾಟಿ ಮ್ಯಾನ್ಮಾರ್ ಹತ್ರ ನೆಲ ಮುಟ್ಟಿ ಚೀನಾದ ಒಳಗಿಂದ ಹೋಗಿ ಜಪಾನಿಗೆ ಇಳೀತು. ದಾರದ ನಟ್ಟ ನಡುವೆ ಬೆರಳಿಟ್ರೆ ಅದು ಚೀನಾದಲ್ಲಿ. ಭೂಮಿ ಗುಂಡಗಿರೋದ್ರಿಂದ ಹತ್ತಿರದ ದಾರಿ ಹಿಂಗೆ ಉತ್ತರಕ್ಕೆ ಬಾಗುತ್ತೆ ನೋಡು ಅಂದ್ರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದನ್ನ ನನಗೆ ಅವತ್ತು ಹೇಳಿದ್ರು. ಆಮೇಲೆ ವಿಮಾನದಲ್ಲಿ ಸೀಟಿನ ಮುಂದಿನ ಸ್ಕ್ರೀನಲ್ಲಿ ಮ್ಯಾಪ್ ಬಂದಾಗ ಹೆಚ್ಚು ಕಮ್ಮಿ ಅದೇ ಬಾಗು, ನನಗೆ ಮೈ ಜುಂ ಅಂತು.

ಟಿಕೆಟ್ ವಿಷಯ. ಒಂದು ಸ್ಟಾಪ್ ಇರೋದಕ್ಕೂ ಡೈರೆಕ್ಟ್‌ಗೂ ನಾವು ನೋಡಿದ ದಿನ ಒಬ್ಬರಿಗೆ ಹದಿನಾಲ್ಕು ಸಾವಿರ ವ್ಯತ್ಯಾಸ ಇತ್ತು. ಕಮ್ಮಿ ದುಡ್ಡಲ್ಲ, ಒಪ್ಕೋತೀನಿ. ಆದ್ರೆ ಐವತ್ತು ದಾಟಿದವ್ರು, ಶುಗರ್ ಇರೋರು, ಮಂಡಿ ನೋವಿರೋರು, ಇಂಗ್ಲಿಷ್ ಮಾತಾಡೋಕೆ ಹಿಂಜರಿಯೋರು, ದಯವಿಟ್ಟು ಡೈರೆಕ್ಟೇ ಮಾಡ್ಸಿ. ಗೊತ್ತಿಲ್ಲದ ಏರ್‌ಪೋರ್ಟಲ್ಲಿ ಆ ಗೇಟಿಂದ ಈ ಗೇಟಿಗೆ ಓಡಾಡೋ ಕಷ್ಟ ದುಡ್ಡಲ್ಲಿ ಲೆಕ್ಕ ಹಾಕೋಕಾಗಲ್ಲ. ಮಕ್ಕಳಿಗೆ ಹೇಳ್ತಿದೀನಿ, ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವಾಗ ಅಗ್ಗದ್ದು ಮೊದಲು ಬರೋ ಹಂಗೆ ಹುಡುಕ್ಬೇಡಿ, ಒಟ್ಟು ಟೈಮ್ ಕಮ್ಮಿ ಇರೋದು ಮೊದಲು ಬರೋ ಹಂಗೆ ಹುಡುಕಿ.

ಫ್ಲೈಟ್ ಇದ್ದಿದ್ದು ನಡುರಾತ್ರಿ ಎರಡೂವರೆಗೆ. ಕೋಲಾರದಿಂದ ಏರ್‌ಪೋರ್ಟಿಗೆ ಹೋಗೋರು ಹೊಸಕೋಟೆ ಮೇಲೆ ಹೋಗ್ಬಹುದು, ನಾವು ಮಾತ್ರ ಯಾವಾಗ್ಲೂ ವೇಮಗಲ್, ವಿಜಯಪುರ, ದೇವನಹಳ್ಳಿ ದಾರಿನೇ, ಬೆಂಗಳೂರು ಟ್ರಾಫಿಕ್ ಮುಟ್ಟೋದೇ ಬೇಡ. ಸಂಜೆ ಕೋಲಾರಮ್ಮನ ಗುಡಿಗೆ ಹೋಗಿ ಕೈಮುಗಿದು ಬಂದು ಎಂಟೂವರೆಗೆ ಮನೆ ಬಿಟ್ವಿ. ಟಮೋಟ ಲಾರಿಗಳ ಹಿಂದೆ ಸ್ವಲ್ಪ ನಿಧಾನ ಆಯ್ತು, ಆದ್ರೂ ಹತ್ತೂವರೆ ಒಳಗೆ ಟರ್ಮಿನಲ್ 2 ಮುಂದೆ ಇದ್ವಿ. ಹಳಬರಿಗೆ ಒಂದು ಮಾತು, 2023ರ ಸೆಪ್ಟೆಂಬರಿಂದ ಹೊರದೇಶದ ಫ್ಲೈಟ್ ಎಲ್ಲಾ ಟರ್ಮಿನಲ್ 2ರಿಂದಾನೇ, ಡ್ರೈವರಿಗೆ ಮೊದಲೇ ಹೇಳಿ, ನಮ್ಮ ಡ್ರೈವರ್ ಹುಡುಗ ಸೀದಾ ಹಳೇ ಟರ್ಮಿನಲ್ ಕಡೆ ತಿರುಗ್ಸೋಕೆ ಹೋಗಿದ್ದ. ಒಳಗೆ ಬಿದಿರು, ಗಿಡ, ನೀರು ಅಂತ ತುಂಬಾ ಚೆನ್ನಾಗಿದೆ, ಕೂತ್ಕೊಳ್ಳೋಕೆ ಜಾಗ ಇದೆ, ಮಂಡಿ ನೋವಿರೋರು ಟಿಕೆಟ್ ಮಾಡುವಾಗ್ಲೇ ವೀಲ್‌ಚೇರ್ ಕೇಳ್ಕೊಂಡ್ರೆ ಬಾಗಿಲಿಂದ ಸೀಟಿನ ತನಕ ಕರ್ಕೊಂಡು ಹೋಗ್ತಾರೆ. ನಾನು ಮೊದಲು ನಾಚ್ಕೊಂಡೆ, ಮಗಳು ಬೈದ ಮೇಲೆ ಹಾಕಿಸ್ಕೊಂಡೆ, ಒಳ್ಳೇದೇ ಆಯ್ತು.

ವಿಮಾನ ಬೋಯಿಂಗ್ 787. ನನಗೆ ತುಂಬಾ ಇಷ್ಟ ಆಗಿದ್ದು ಸೀಟು. ಇವ್ರ 787ರ ಎಕಾನಮಿಲಿ ಕಿಟಕಿ ಪಕ್ಕ ಎರಡು, ನಡುವೆ ನಾಲ್ಕು, ಆ ಕಡೆ ಎರಡು ಸೀಟು. ಬೇರೆ ಸುಮಾರು ಕಂಪನಿಗಳು ಇದೇ ವಿಮಾನದಲ್ಲಿ ಒಂದು ಸಾಲಿಗೆ ಒಂಬತ್ತು ಸೀಟು ಹಾಕಿರ್ತಾರೆ, ಇಲ್ಲಿ ಎಂಟೇ. ಗಂಡ ಹೆಂಡ್ತಿ ಇಬ್ರೇ ಹೋಗೋರಿಗೆ ಕಿಟಕಿ ಪಕ್ಕದ ಎರಡು ಸೀಟು ಸಿಕ್ಬಿಟ್ರೆ ಮೂರನೇಯವ್ರನ್ನ ಎಬ್ಬಿಸ್ದೆ ಬಾತ್‌ರೂಮಿಗೆ ಎದ್ದು ಹೋಗ್ಬಹುದು, ವಯಸ್ಸಾದವ್ರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಹೋದವ್ರಿಗೇ ಗೊತ್ತು. ಕಾಲು ಚಾಚೋಕೂ ಜಾಗ ಇತ್ತು. ಕಿಟಕಿಗೆ ಎಳೆಯೋ ಪರದೆ ಇಲ್ಲ, ಕೆಳಗೆ ಒಂದು ಬಟನ್, ಒತ್ತಿದ್ರೆ ಗಾಜೇ ನಿಧಾನಕ್ಕೆ ಕಪ್ಪು ನೀಲಿಗೆ ತಿರುಗುತ್ತೆ.

ಇನ್ನೊಂದು ಕಣ್ಣಿಗೆ ಕಾಣದ್ದು. ಹೋದ ಸಲ ಇಳಿದಾಗ ತಲೆ ಭಾರ, ಗಂಟಲು ಒಣಗಿ ಎರಡು ದಿನ ಸುಸ್ತಾಗಿದ್ದೆ, ಈ ಸಲ ಅಷ್ಟಾಗ್ಲಿಲ್ಲ. ನಮ್ಮನೆಯವ್ರು ಓದಿ ಹೇಳಿದ್ದು ಏನಂದ್ರೆ ಸುಮಾರು ವಿಮಾನಗಳ ಒಳಗೆ ಗಾಳಿ ಒತ್ತಡ 8,000 ಅಡಿ ಬೆಟ್ಟದ ಮೇಲೆ ಕೂತ ಹಾಗೆ ಇರುತ್ತಂತೆ, 787ರಲ್ಲಿ 6,000 ಅಡಿಯಷ್ಟು. ನಮ್ಮ ಲೆಕ್ಕಕ್ಕೆ ಹೇಳೋದಾದ್ರೆ ನಂದಿ ಬೆಟ್ಟಕ್ಕಿಂತ ಸ್ವಲ್ಪ ಮೇಲೆ, ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕೆಳಗೆ. ಒಳಗಿನ ಗಾಳಿ ಅಷ್ಟು ಒಣಗಿರಲ್ಲ ಅಂತಾನೂ ಅಂದ್ರು. ಅದಕ್ಕೋ ಏನೋ, ಇಳಿದ ದಿನ ರಾತ್ರಿನೇ ಮಗಳ ಅಡುಗೆಮನೇಲಿ ನಿಂತು ಸಾರು ಮಾಡಿದೆ.

ಊಟ ಟಿಕೆಟ್ ಮಾಡುವಾಗ್ಲೇ ವೆಜ್ ಅಂತ ಹೇಳ್ಬೇಕು, ಅಲ್ಲಿ ಹೋಗಿ ಕೇಳಿದ್ರೆ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ನಮಗೆ ಅನ್ನ, ಬೇಳೆ, ಪಲ್ಯ, ಮೊಸರು ಬಂತು, ಬಿಸಿ ಬಿಸಿಯಾಗಿತ್ತು, ಎಲ್ರಿಗಿಂತ ಮುಂಚೆ ನಮಗೇ ತಂದ್ಕೊಟ್ರು. ಆ ಹುಡುಗಿ ಮಂಡಿ ಊರಿ ಕೂತು ನನ್ನ ಮುಖ ನೋಡಿ ಮಾತಾಡಿದ್ಲು, ನನಗೆ ಅವಳ ಇಂಗ್ಲಿಷ್ ಅರ್ಧ ಅರ್ಥ ಆಯ್ತು, ಆ ಮರ್ಯಾದೆ ಪೂರ್ತಿ ಅರ್ಥ ಆಯ್ತು. ಶುದ್ಧ ಸಸ್ಯಾಹಾರಿಗಳು ಒಂದು ಜ್ಞಾಪಕ ಇಟ್ಕೊಳ್ಳಿ, ಜಪಾನಿನವ್ರ ಮಿಸೋ ಸೂಪ್ ನೋಡೋಕೆ ನಮ್ಮ ಬೇಳೆ ಕಟ್ಟಿನ ಥರ ಇರುತ್ತೆ, ಆದ್ರೆ ಸಾಮಾನ್ಯವಾಗಿ ಮೀನು ಹಾಕಿ ಕಾಯ್ಸಿದ ನೀರಲ್ಲಿ ಮಾಡ್ತಾರೆ, ವಿಮಾನದಲ್ಲಾಗ್ಲಿ ಆ ದೇಶದಲ್ಲಾಗ್ಲಿ ಕೇಳ್ದೆ ಕುಡೀಬೇಡಿ.

ಸಾಮಾನಿನ ಬಗ್ಗೆ ತುಂಬಾ ಜನ ಕೇಳ್ತಾರೆ. ಹಸಿ ಕರಿಬೇವು, ಸೊಪ್ಪು, ಹಣ್ಣು, ಬಿತ್ತೋ ಬೀಜ, ಮಾಂಸದ್ದು ಯಾವುದೂ ಸರ್ಕಾರಿ ಸರ್ಟಿಫಿಕೇಟ್ ಇಲ್ದೆ ತಗೊಂಡು ಹೋಗೋ ಹಾಗಿಲ್ಲ. ಶ್ರೀನಿವಾಸಪುರದ ಮಾವಿನಹಣ್ಣು ಮಗಳಿಗೆ ಪ್ರಾಣ, ಜನವರಿಲಿ ಹಣ್ಣೂ ಇರಲ್ಲ ಬಿಡಿ, ಇದ್ದಿದ್ರೂ ಬಿಡ್ತಿರ್ಲಿಲ್ಲ. ನಾನು ಬಾಣಂತಿ ಖಾರದ ಪುಡಿ, ಮೆಣಸು ಜೀರಿಗೆ ಹುರಿದು ಪುಡಿ ಮಾಡಿದ್ದು, ಕೊಬ್ಬರಿ ಬೆಲ್ಲದ ಅಂಟಿನ ಉಂಡೆ, ಎಲ್ಲಾ ಹುರಿದಿದ್ದೇ, ಪ್ಯಾಕ್ ಮೇಲೆ ಹೆಸರು ಬರ್ದು, ನರಿಟಾದಲ್ಲಿ ಇಳಿದಾಗ ನಾನಾಗೇ ತೋರ್ಸಿದೆ. ಬಿಚ್ಚಿ ನೋಡಿ, ಮೂಸಿ ನೋಡಿ, ವಾಪಸ್ ನೀಟಾಗಿ ಮಡಚಿ ಕೊಟ್ರು.

ಈಗ ಮುಖ್ಯವಾದ ವಿಷಯ, ಟೈಮು. ಇದನ್ನ ಯಾರೂ ಸರಿಯಾಗಿ ಹೇಳಲ್ಲ ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾವು ಇಲ್ಲಿಂದ ರಾತ್ರಿ ಎರಡೂವರೆಗೆ ಹೊರಟು ಅಲ್ಲಿ ಮಧ್ಯಾಹ್ನ ಒಂದೂವರೆಗೆ ಇಳಿದ್ವಿ. ಗಡಿಯಾರ ನೋಡಿದವ್ರು ಅಯ್ಯೋ ಹನ್ನೊಂದು ಗಂಟೆನಾ ಅಂತಾರೆ. ಅಲ್ಲ, ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ, ಅದನ್ನ ಕಳೆದ್ರೆ ನಿಜವಾಗ್ಲೂ ಆಗಿದ್ದು ಏಳೂವರೆ ಗಂಟೆ. ವಾಪಸ್ ಬರುವಾಗ ಸಂಜೆ ಆರೂವರೆಗೆ ಅಲ್ಲಿ ಬಿಟ್ಟು ರಾತ್ರಿ ಹನ್ನೆರಡೂ ಮುಕ್ಕಾಲು ದಾಟಿ ಬೆಂಗಳೂರಲ್ಲಿ ಇಳಿದ್ವಿ. ಗಡಿಯಾರದಲ್ಲಿ ಬರೀ ಆರು ಗಂಟೆ ಚಿಲ್ಲರೆ ಕಾಣುತ್ತೆ, ಆದ್ರೆ ಮೂರೂವರೆ ಸೇರ್ಸಿದ್ರೆ ಹತ್ತು ಗಂಟೆಗೆ ಹತ್ತೇ ನಿಮಿಷ ಕಮ್ಮಿ. ಅಂದ್ರೆ ಟಿಕೆಟ್ ಮೇಲೆ ಉದ್ದ ಕಾಣೋದು ಹೋಗೋ ದಾರಿ, ನಿಜವಾಗಿ ಉದ್ದ ಇರೋದು ಬರೋ ದಾರಿ. ಮಾತ್ರೆ ತಗೊಳ್ಳೋರು, ಇನ್ಸುಲಿನ್ ಹಾಕ್ಕೊಳ್ಳೋರು ಇದನ್ನ ಚೆನ್ನಾಗಿ ತಿಳ್ಕೊಂಡು ಡಾಕ್ಟರ್ ಹತ್ರ ಮೊದಲೇ ಕೇಳ್ಕೊಂಡು ಹೋಗಿ, ಗಡಿಯಾರ ನೋಡ್ಕೊಂಡು ಡೋಸ್ ಲೆಕ್ಕ ಹಾಕಿದ್ರೆ ತಪ್ಪಾಗುತ್ತೆ.

ಅದೇ ದೂರ, ಅದೇ ಥರದ ವಿಮಾನ, ಎರಡು ಗಂಟೆ ಮೇಲೆ ವ್ಯತ್ಯಾಸ ಯಾಕೆ? ಗಾಳಿ. ನಮ್ಮನೆಯವ್ರು ಹಾಲಿನ ಲೆಕ್ಕ ಬರೆಯೋ ಸಣ್ಣ ಡೈರಿ ಜೇಬಲ್ಲಿ ಇಟ್ಕೊಂಡೇ ಬಂದಿದ್ರು, ಎಚ್ಚರ ಆದಾಗೆಲ್ಲಾ ಸ್ಕ್ರೀನಲ್ಲಿ ಬರೋ ಸ್ಪೀಡ್ ಅದರಲ್ಲಿ ಬರ್ದಿದಾರೆ. ಈಗ ನನ್ನ ಮುಂದಿದೆ. ಹೋಗುವಾಗ ಬಂಗಾಳ ಕೊಲ್ಲಿ ಮೇಲೆ 905, ಮ್ಯಾನ್ಮಾರ್ ದಾಟಿದ ಮೇಲೆ 960, ಚೀನಾದ ಒಳಗೆ 1,040, ಜಪಾನ್ ಹತ್ರ ಬರೋ ಹೊತ್ತಿಗೆ 1,120. ಬರುವಾಗ ನರಿಟಾ ಬಿಟ್ಟು ಮೇಲಕ್ಕೇರಿದ ಮೇಲೆ 690, ಇನ್ನೊಂದು ಗಂಟೆ ಬಿಟ್ಟು ನೋಡಿದ್ರೂ 685, ಆಮೇಲೆ ದಕ್ಷಿಣಕ್ಕೆ ಬಂದ ಹಾಗೆ ಮೆಲ್ಲಗೆ ಏರಿ ಬಂಗಾಳ ಕೊಲ್ಲಿ ಮೇಲೆ 880. ಇದೆಲ್ಲಾ ಗಂಟೆಗೆ ಕಿಲೋಮೀಟರ್, ನೆಲದ ಲೆಕ್ಕದಲ್ಲಿ. ಗಾಳಿಯೊಳಗೆ ವಿಮಾನ ಹೋಗ್ತಿರೋದು ಎರಡು ಕಡೆನೂ ಹೆಚ್ಚು ಕಮ್ಮಿ 900ರಲ್ಲೇ, ಗಾಳಿ ಹಿಂದಿಂದ ತಳ್ಳಿದ್ರೆ ಅಷ್ಟು ಕೂಡುತ್ತೆ, ಎದುರಿಗೆ ಬಂದ್ರೆ ಅಷ್ಟು ಕಳೆಯುತ್ತೆ. ವಿಮಾನ ಹೋಗೋ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿ ಹೊಳೆ ಥರ ಹರೀತಾ ಇರುತ್ತಂತೆ, ಜೆಟ್ ಸ್ಟ್ರೀಮ್ ಅಂತಾರೆ, ಅದು ಚಳಿಗಾಲದಲ್ಲಿ ಜಪಾನ್ ಮೇಲೆ ಇರೋ ಅಷ್ಟು ಜೋರು ಪ್ರಪಂಚದಲ್ಲಿ ಬೇರೆ ಕಡೆ ಸಿಗೋದು ಕಷ್ಟ, ಗಂಟೆಗೆ 300 ಕಿಲೋಮೀಟರ್ ದಾಟೋದೂ ಉಂಟು. ನಮ್ಮ ಕೋಲಾರದ ಅಕ್ಷಾಂಶದಲ್ಲಿ ಆ ಜೋರಿಲ್ಲ. ಅದಕ್ಕೇ ಸಿಂಗಾಪುರಕ್ಕೆ ಹೋಗೋಕೂ ಬರೋಕೂ ಹೆಚ್ಚು ಕಮ್ಮಿ ಅದೇ ನಾಲ್ಕೂವರೆ ಗಂಟೆ, ಆ ದಾರಿ ಪೂರ್ತಿ ಭೂಮಧ್ಯ ರೇಖೆ ಕಡೆಗೇ ಇರೋದ್ರಿಂದ.

ಇದರಲ್ಲಿ ನನ್ನ ಮನಸ್ಸಿಗೆ ಹತ್ತಿರ ಆಗಿದ್ದು ಇನ್ನೊಂದಿದೆ. ಅಳಿಯಂದ್ರು ಒಂದು ಭಾನುವಾರ ಮಾವನ್ನ ಕೂರಿಸ್ಕೊಂಡು ಹೇಳಿದ್ರು, ಈ ಗಾಳಿನ ಮೊದಲು ಅಳೆದು ಬರೆದವ್ರು ಇದೇ ತ್ಸುಕುಬಾದಲ್ಲೇ ಇದ್ದವ್ರು ಮಾವ ಅಂತ. ಈಗಿನ ತ್ಸುಕುಬಾ ಊರೊಳಗೇ ಬರೋ ತಾತೆನೋ ಅನ್ನೋ ಜಾಗದಲ್ಲಿ ಹವಾಮಾನದ ವೀಕ್ಷಣಾಲಯ ಇದೆ, 1920ರಲ್ಲಿ ಶುರುವಾಗಿದ್ದು, ಅದರ ಮೊದಲ ಮುಖ್ಯಸ್ಥರು ವಾಸಾಬುರೊ ಓಯಿಶಿ ಅಂತ. ಅವ್ರು ಬಲೂನ್ ಮೇಲಕ್ಕೆ ಬಿಟ್ಟು ಅದು ಯಾವ ಕಡೆ ಎಷ್ಟು ಬೇಗ ಹೋಗುತ್ತೆ ಅಂತ ನೋಡ್ತಾ ನೋಡ್ತಾ ಮೇಲೆ ಇಷ್ಟು ಜೋರು ಗಾಳಿ ಇದೆ ಅಂತ ಕಂಡ್ಕೊಂಡ್ರು. 1926ರಲ್ಲಿ ಅದನ್ನ ಎಸ್ಪೆರಾಂಟೊ ಭಾಷೇಲಿ ಬರ್ದು ಪ್ರಕಟ ಮಾಡಿದ್ರು, ಎಲ್ಲಾ ದೇಶದವ್ರಿಗೂ ಒಂದೇ ಭಾಷೆ ಇರ್ಲಿ ಅಂತ ಕಟ್ಟಿದ ಭಾಷೆ ಅದು. ಆದ್ರೆ ಅದನ್ನ ಓದೋಕೆ ಬರೋರೇ ಕಮ್ಮಿ, ಹೊರಗಿನವ್ರು ಗಮನಿಸ್ಲಿಲ್ಲ. 1944ರಲ್ಲಿ ಯುದ್ಧದ ಹೊತ್ತಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಜಪಾನ್ ಮೇಲೆ ಬಂದು ಅದೇ ಗಾಳಿಗೆ ಸಿಕ್ಕಿ ಒದ್ದಾಡಿದ್ವು. ನಮ್ಮನೆಯವ್ರು ಇದನ್ನ ಕೇಳಿ ಸುಮ್ನೆ ಕೂತ್ಬಿಟ್ರು, ಆಮೇಲೆ ಮೊಮ್ಮಗಳನ್ನ ಶಾಲಲ್ಲಿ ಸುತ್ಕೊಂಡು ಬಾಲ್ಕನಿಗೆ ಹೋಗಿ ಆಕಾಶ ನೋಡ್ತಾ ನಿಂತಿದ್ರು. ಇಪ್ಪತ್ತೈದು ದಿನದ ಕೂಸನ್ನ ಚಳಿಗೆ ಯಾಕ್ರೀ ತಗೊಂಡು ಹೋದ್ರಿ ಅಂತ ನಾನು ಒಳಗೆ ಕರ್ಕೊಂಡು ಬಂದೆ.

ಹಂಗಾಗಿ ಹೋಗೋರು ಇಷ್ಟು ನೋಡ್ಕೊಳ್ಳಿ. ಡಿಸೆಂಬರಿಂದ ಮಾರ್ಚ್ ತನಕ ಹೋಗೋದು ಬೇಗ, ಬರೋದು ತುಂಬಾ ನಿಧಾನ. ಜಪಾನಿನ ಬೇಸಿಗೇಲಿ, ಅಂದ್ರೆ ಜೂನಿಂದ ಆಗಸ್ಟ್ ತನಕ, ಆ ಗಾಳಿ ಸಡಿಲ ಆಗಿ ಇನ್ನೂ ಉತ್ತರಕ್ಕೆ ಸರಿಯುತ್ತೆ, ಆವಾಗ ಎರಡು ಕಡೆ ವ್ಯತ್ಯಾಸ ಕಮ್ಮಿ. ಏರ್‌ಲೈನ್ಸ್‌ನವ್ರು ಟಿಕೆಟ್ ಮೇಲೆ ಹಾಕೋ ಟೈಮಲ್ಲಿ ಈ ಲೆಕ್ಕ, ರನ್‌ವೇಲಿ ಓಡಾಡೋ ಟೈಮು ಎಲ್ಲಾ ಸೇರಿರುತ್ತೆ, ಹಂಗಾಗಿ ದೂರ ತೋರಿಸೋ ಪೇಜ್ ಬಿಟ್ಟು ಟಿಕೆಟ್ ಮೇಲಿನ ಒಟ್ಟು ಗಂಟೆನೇ ನಂಬಿ. ಟೋಕಿಯೋ ಅಂತ ಬರ್ದಿದ್ರೂ ಇಳಿಯೋದು ನರಿಟಾದಲ್ಲಿ, ಅದು ಟೋಕಿಯೋ ಊರಿಂದ ಅರವತ್ತು ಕಿಲೋಮೀಟರ್ ಆಚೆ, ನಮಗೆ ದೇವನಹಳ್ಳಿ ಇದ್ದ ಹಾಗೆ ಅನ್ಕೊಳ್ಳಿ, ಇನ್ನೂ ಸ್ವಲ್ಪ ದೂರ. ತ್ಸುಕುಬಾ ಕಡೆ ಹೋಗೋರಿಗೆ ಇದು ಒಳ್ಳೇದೇ, ಏರ್‌ಪೋರ್ಟ್ ಮುಂದೇನೇ ಬಸ್ ಸಿಗುತ್ತೆ, ಸುಮಾರು ಒಂದು ಗಂಟೆ.

ವಾಪಸ್ ಬರುವಾಗಿನ ಹತ್ತು ಗಂಟೆ ಕಷ್ಟ ಅನ್ನಿಸ್ತು ನಿಜ, ಮಗು ಬಿಟ್ಟು ಬಂದ ಸಂಕಟ ಬೇರೆ, ನಿದ್ದೆ ಹತ್ಲಿಲ್ಲ. ಗಂಟೆಗೊಂದು ಸಲ ಎದ್ದು ಹಿಂದಿನ ತನಕ ನಡೆದು ಬಂದೆ, ನಡೆದಾಗೆಲ್ಲಾ ಅಲ್ಲಿದ್ದವ್ರು ನೀರು ಕೊಟ್ರು, ಒಂದು ಸಲ ಬಿಸಿ ಟೀ. ಕಾಲು ಊದ್ಲಿಲ್ಲ. ಇಳಿದು ಇಮಿಗ್ರೇಷನ್, ಬ್ಯಾಗು ಮುಗಿಸಿ ಹೊರಗೆ ಬರೋ ಹೊತ್ತಿಗೆ ಎರಡು ಗಂಟೆ, ಆ ಹೊತ್ತಲ್ಲಿ ರೋಡ್ ಖಾಲಿ, ನಾಲ್ಕು ಗಂಟೆ ಒಳಗೆ ಮನೆ ಸೇರಿದ್ವಿ, ಅಂತರಗಂಗೆ ಬೆಟ್ಟ ಇನ್ನೂ ಕತ್ತಲಲ್ಲೇ ಇತ್ತು.

ಜೂನಲ್ಲಿ ಮಗಳು ಕೂಸನ್ನ ಎತ್ಕೊಂಡು ಇದೇ ಫ್ಲೈಟಲ್ಲಿ ಬರ್ತಿದಾಳೆ. ಮುಂದಿನ ಗೋಡೆ ಹತ್ರದ ಸಾಲಲ್ಲಿ ಮಗು ಮಲಗಿಸೋ ತೊಟ್ಟಿಲು ಹಾಕ್ಕೊಡ್ತಾರೆ, ಆದ್ರೆ ಕೆಲವೇ ಇರೋದು, ಟಿಕೆಟ್ ಮಾಡಿದ ತಕ್ಷಣ ಫೋನ್ ಮಾಡಿ ಕೇಳ್ಬೇಕು. ಕೇಳಿದಾಳಂತೆ, ಸಿಕ್ಕಿದೆ.